ಮಾಗಡಿ ಕೆರೆಯ ಹೆಬ್ಬಾತುಗಳು: ನೋಡುವುದು, ಎಣಿಸುವುದು, ಬರೆದಿಡುವುದು

ಪ್ರತಿ ವರ್ಷ ಚಳಿ ಶುರುವಾಗುವ ಹೊತ್ತಿಗೆ ನಮ್ಮ ಪಕ್ಕದ ಗದಗ ಜಿಲ್ಲೆಯ ಒಂದು ಕೆರೆಗೆ ಹಿಮಾಲಯ ದಾಟಿ ಹಕ್ಕಿಗಳು ಬರುತ್ತವೆ. ಅದು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಬೆಂಗಳೂರು ಹತ್ತಿರದ ಮಾಗಡಿ ಬೇರೆ, ಇದು ಬೇರೆ. ಕೊಪ್ಪಳದಿಂದ ರೈಲಿನಲ್ಲಿ ಗದಗಕ್ಕೆ ಹೋದರೆ ಅಲ್ಲಿಂದ ಸುಮಾರು 26 ಕಿ.ಮೀ. ರಸ್ತೆ ಪ್ರಯಾಣ. ಹಕ್ಕಿ ನೋಡಲು ಹೋಗುವ ಗೆಳೆಯರಿಗೆ ಉಪಯೋಗವಾಗಲಿ ಎಂದು ಈ ಲೇಖನ.

ಹಕ್ಕಿಯ ಪರಿಚಯ

ಇದರ ಹೆಸರು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಕೊಕ್ಕು ಮತ್ತು ಕಾಲು ಹಳದಿ-ಕಿತ್ತಳೆ. ತೂಕ ಎರಡರಿಂದ ಮೂರು ಕಿಲೋ. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಸರೋವರಗಳ ಬಳಿ ಬೇಸಿಗೆಯಲ್ಲಿ ಮರಿ ಮಾಡುತ್ತದೆ. ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ದಕ್ಷಿಣಕ್ಕೆ ಹೊರಡುತ್ತದೆ. ಮಾಗಡಿಯಲ್ಲಿ ನವೆಂಬರ್‌ನಿಂದ ಮಾರ್ಚ್ ತನಕ ಕಾಣಬಹುದು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಯಾರೋ ಆ ಪಟ್ಟಿಯ ಗುರುತನ್ನು ಓದಿ ಬರೆದುಕೊಂಡಿದ್ದರಿಂದಲೇ ಅವು ಎಲ್ಲಿಂದ ಬಂದವೆಂದು ತಿಳಿಯಿತು.

ಈ ಹಕ್ಕಿ 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ ಆಮ್ಲಜನಕ ಕಡಿಮೆ ಇರುತ್ತದೆ. ಇದರ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಚೆನ್ನಾಗಿ ಆಮ್ಲಜನಕ ಹಿಡಿಯುತ್ತದೆ. ಆದರೂ ಅದು ಸುಮ್ಮನೆ ಎತ್ತರದಲ್ಲೇ ಉಳಿಯುವುದಿಲ್ಲ. ಬೆಟ್ಟ ಏರಿದಂತೆ ಏರಿ, ಕಣಿವೆ ಬಂದಾಗ ಇಳಿದು ಹಾರುತ್ತದೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ತೆಳು ಗಾಳಿಯಲ್ಲಿ ರೆಕ್ಕೆ ಬಡಿಯಲು ಶಕ್ತಿ ಹೆಚ್ಚು ಬೇಕು. ಇಳಿದು ಮತ್ತೆ ಏರುವುದೇ ಅದಕ್ಕೆ ಅಗ್ಗ.

ನಾವು ಹೋದರೆ ಹಕ್ಕಿಗೆ ಖರ್ಚು

ವಾಣಿಜ್ಯ ವಿಭಾಗದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಹೆಬ್ಬಾತು ಸುತ್ತಲಿನ ಹೊಲಗಳಲ್ಲಿ ಮೇಯುವುದು ಅದರ ಜಮಾ. ಹಾರುವುದು ಖರ್ಚು. ಹಗಲು ಕೆರೆಯಲ್ಲಿ ವಿಶ್ರಾಂತಿ ಪಡೆಯುವುದು ಉಳಿತಾಯ. ಮಾರ್ಚ್‌ನಲ್ಲಿ ವಾಪಸು ಹೋಗಲು ಬೇಕಾದ ಕೊಬ್ಬನ್ನು ಅದು ಇಲ್ಲಿಯೇ ಕೂಡಿಸಬೇಕು. ನಾವು ಒಳ್ಳೆಯ ಫೋಟೋ ಬೇಕೆಂದು ಹತ್ತಿರ ಹೋಗಿ ಇಡೀ ಹಿಂಡನ್ನು ಎಬ್ಬಿಸಿದರೆ, ನಮ್ಮ ಸಂತೋಷದ ಖರ್ಚು ಅದರ ಖಾತೆಗೆ ಬೀಳುತ್ತದೆ. ಒಂದು ತಂಡ ಒಮ್ಮೆ ಎಬ್ಬಿಸಿದರೆ ಸಣ್ಣದೆನಿಸಬಹುದು. ಒಂದೇ ರವಿವಾರ ಹತ್ತು ತಂಡ ಬಂದರೆ?

ಆದ್ದರಿಂದ ಕೆಲವು ನಿಯಮಗಳು:

1. ದಂಡೆಯ ಮೇಲೆಯೇ ನಿಲ್ಲಿ, ನೀರಿನ ಕಡೆ ಇಳಿಯಬೇಡಿ. ಹಕ್ಕಿಗಳು ಕತ್ತೆತ್ತಿ ಒಟ್ಟಿಗೆ ನಮ್ಮ ಕಡೆ ನೋಡಿದರೆ ನಾವು ಹೆಚ್ಚು ಹತ್ತಿರ ಬಂದಿದ್ದೇವೆ ಎಂದರ್ಥ. ಹಿಂದೆ ಸರಿಯಿರಿ.
2. ಚಪ್ಪಾಳೆ, ಕಲ್ಲು, ಡ್ರೋನ್ ಬೇಡ. ಕಡು ಬಣ್ಣದ ಬಟ್ಟೆಯೂ ಬೇಡ.
3. ಬೆಳೆ ಇರುವ ಹೊಲದಲ್ಲಿ ಕಾಲಿಡಬೇಡಿ. ಹಕ್ಕಿ ಮೇಯುವುದೇ ರೈತರ ಬೆಳೆಯನ್ನು. ಅವರು ಆಗಲೇ ಒಂದು ನಷ್ಟ ಸಹಿಸಿದ್ದಾರೆ, ಇನ್ನೊಂದನ್ನು ನಾವು ಸೇರಿಸಬಾರದು.
4. ತಿಂಡಿಯ ಪೊಟ್ಟಣಗಳನ್ನು ವಾಪಸು ತನ್ನಿ.

ಎಣಿಸುವ ಕ್ರಮ

ಹಿಂಡು ದೊಡ್ಡದಿದ್ದರೆ ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಮೊದಲು 10 ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲಿ ಹಿಡಿಯಿರಿ. ಅಂಥ ಗುಂಪು ಎಷ್ಟಿವೆ ನೋಡಿ. 23 ಗುಂಪು ಇದ್ದರೆ ಅಂದಾಜು 230. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಕೊನೆಗೆ ಹೋಲಿಸಬೇಕು. ಪಕ್ಕದವರ ಸಂಖ್ಯೆ ಕೇಳಿ ಬರೆದರೆ ಅದು ಎಣಿಕೆಯಲ್ಲ, ನಕಲು. ಏಷ್ಯಾದ ಅನೇಕ ದೇಶಗಳಲ್ಲಿ ಜನವರಿಯಲ್ಲಿ ನಡೆಯುವ ನೀರುಹಕ್ಕಿ ಗಣತಿಗೂ ಇಂಥ ಸಾಮಾನ್ಯ ಜನರ ಎಣಿಕೆಯೇ ಆಧಾರ. ಇಂಥ ಲೆಕ್ಕ ಇದ್ದರೆ ಒಂದು ಕೆರೆಯ ಬೆಲೆಯನ್ನು ಸರ್ಕಾರಕ್ಕೂ ತೋರಿಸಬಹುದು. ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು.

ಬರೆದಿಡುವಾಗ ದಿನಾಂಕ, ಸಮಯ, ಸ್ಥಳ, ನೀರು ಎಷ್ಟಿತ್ತು, ಹಕ್ಕಿ ಏನು ಮಾಡುತ್ತಿತ್ತು ಎಂಬುದೂ ಇರಲಿ. ಹಕ್ಕಿ ಕಾಣದಿದ್ದರೆ ಪುಟ ಖಾಲಿ ಬಿಡಬೇಡಿ, ‘ಸೊನ್ನೆ’ ಎಂದು ಬರೆಯಿರಿ. ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಹಕ್ಕಿಗಳು ಬೇರೆ ನೀರು ಹುಡುಕಿಕೊಂಡು ಹೋಗುತ್ತವೆ. ಆ ಸೊನ್ನೆಯೂ ಒಂದು ಮಾಹಿತಿ.

ಸೂರಃ ಅನ್ನಮ್ಲ್‌ನಲ್ಲಿ ಹುದ್‌ಹುದ್ ಹಕ್ಕಿ ಸಬಾ ನಾಡಿನಿಂದ ಖಚಿತ ಸುದ್ದಿ ತರುತ್ತದೆ. ಪ್ರವಾದಿ ಸುಲೈಮಾನರು (ಅ) ಆ ಸುದ್ದಿಯನ್ನೂ ಪರೀಕ್ಷಿಸಿಯೇ ಮುಂದುವರಿದರು. ನೋಡಿದ್ದನ್ನು ಖಚಿತವಾಗಿ ಹೇಳುವುದು, ಕೇಳಿದ್ದನ್ನು ಪರೀಕ್ಷಿಸುವುದು, ಎರಡೂ ಅಲ್ಲಿವೆ.

ಲೆಕ್ಕ ಓದಿದ ಪಕ್ಷಿತಜ್ಞ

ಪಕ್ಷಿ ಅಧ್ಯಯನ ವಿಜ್ಞಾನ ವಿಭಾಗದವರಿಗೆ ಮಾತ್ರ ಎಂದುಕೊಳ್ಳಬೇಡಿ. 1896ರ ನವೆಂಬರ್ 12ರಂದು ಮುಂಬೈಯಲ್ಲಿ ಹುಟ್ಟಿದ ಸಾಲಿಂ ಅಲಿ ಅವರು ದಾವರ್ಸ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ ಓದಿದವರು. ಜೊತೆಗೆ ಪ್ರಾಣಿಶಾಸ್ತ್ರವನ್ನೂ ಕಲಿತರು. ಮುಂದೆ ಹಳೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಅವರ ಸಲಹೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ನಮ್ಮ ತಾಲೂಕುಗಳಲ್ಲಿ

ಎಲ್ಲರಿಗೂ ಮಾಗಡಿಗೆ ಹೋಗಲು ಆಗದು. ಚಳಿಗಾಲದಲ್ಲಿ ಕುಷ್ಟಗಿ, ಯಲಬುರ್ಗಾದ ಜೋಳದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ನೋಡಬಹುದು. ಅವೂ ಮಧ್ಯ ಏಷ್ಯಾದ ಕಡೆಯಿಂದ ಬಂದವೇ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಬಾಲ ಕುಣಿಸುವ ಸಿಪಿಲೆಗಳಿವೆ. ಕೊಪ್ಪಳದವರಿಗೆ ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರು ಹತ್ತಿರ.

ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಹಕ್ಕಿ ರಿಜಿಸ್ಟರ್ ಇಡಲು ಗುರುಗಳು ಅನುಮತಿ ಕೊಟ್ಟರೆ ಚೆನ್ನ. ನಾಲ್ಕು ತಾಲೂಕಿನ ಹಳ್ಳಿಗಳಿಂದ ಬರುವ ನಾವು ನಮ್ಮ ಊರಿನ ಕೆರೆಯನ್ನು ತಿಂಗಳಿಗೊಮ್ಮೆ ನೋಡಿ ಬರೆದರೂ, ನಾವು ದ್ವಿತೀಯ ಪಿಯುಸಿ ಮುಗಿಸಿ ಹೋದ ಮೇಲೆ ಬರುವವರಿಗೆ ಹೋಲಿಸಿ ನೋಡಲು ಒಂದು ಲೆಕ್ಕ ಸಿಗುತ್ತದೆ.