ಹಳೆಯ ವ್ಯಾನಿನ ಹೀಟರ್ ಬೆಚ್ಚಗಾಗದಿದ್ದರೆ

ಮಾಗಿಯಲ್ಲಿ ನಂದಿಬೆಟ್ಟದ ಸುತ್ತಿನ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳಗಿನ ಜಾವ ದಟ್ಟವಾಗಿ ಮಂಜು ಕವಿಯುತ್ತದೆ. ಮಂಡಿಗೋ ಆಸ್ಪತ್ರೆಗೋ ಕತ್ತಲಲ್ಲೇ ಹೊರಟವರಿಗೆ ಚಳಿಗಿಂತ ದೊಡ್ಡ ತೊಂದರೆ ಮುಂದಿನ ಗಾಜಿನದು. ಜನ ತುಂಬಿದ ಗಾಡಿಯಲ್ಲಿ ಉಸಿರಿನ ತೇವ ಗಾಜಿಗೆ ಕಟ್ಟಿ ದಾರಿ ಕಾಣದಾಗುತ್ತದೆ. ಅದನ್ನು ಒಣಗಿಸುವುದು ಹೀಟರಿನ ಬಿಸಿ ಗಾಳಿ. ಆದ್ದರಿಂದ ಹೀಟರ್ ಬರಿಯ ಶೋಕಿಯ ವಸ್ತುವಲ್ಲ.

ಟೊಯೋಟ ಕ್ವಾಲಿಸ್ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2000ದಿಂದ 2005ರವರೆಗೆ ಮಾರಾಟವಾದ ಇದು ತಯಾರಾದದ್ದು ಬಿಡದಿಯಲ್ಲಿ. ಬಿಡದಿ ಆಗ ನಮ್ಮ ಜಿಲ್ಲೆಗೇ ಸೇರಿತ್ತು. 2007ರಲ್ಲಿ ರಾಮನಗರ ಜಿಲ್ಲೆಯ ಪಾಲಾಯಿತು. ಈ ಗಾಡಿಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಹೀಟರ್ ಇರುವ ಇತರ ಹಳೆಯ ವ್ಯಾನುಗಳಿಗೂ ಈ ಪಾಠ ಹೊಂದುತ್ತದೆ.

ಬಿಸಿ ಬರುವ ಬಗೆ

ಹೀಟರಿಗೆ ತನ್ನದೇ ಬೆಂಕಿಯಿಲ್ಲ. ಎಂಜಿನನ್ನು ತಂಪಿಡುವ ನೀರೇ ಕಾದು, ಎರಡು ಹೋಸ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕಾಯಿಲಿಗೆ ಹೋಗಿ ಬರುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಬೀಸುತ್ತದೆ. ಬಿಸಿ ಕಡಿಮೆಯಾಯಿತೆಂದರೆ ಅನೇಕ ವೇಳೆ ಎಂಜಿನಿನ ನೀರಿನಲ್ಲೇ ಏನೋ ಕೆಟ್ಟಿದೆ ಎಂದರ್ಥ. ಅಲಕ್ಷ್ಯ ಮಾಡಿದರೆ ಮುಂದೆ ಎಂಜಿನ್ ಕೆಲಸಕ್ಕೇ ಹಣ ಸುರಿಯಬೇಕಾದೀತು.

ಪರೀಕ್ಷಿಸುವ ಕ್ರಮ

1. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಬಿಸಿ ಇರುವಾಗ ಎಂದೂ ತೆಗೆಯಬಾರದು. ನೀರು ಚಿಮ್ಮಿ ಮುಖ ಸುಡುತ್ತದೆ.

2. ಗಾಡಿ ಹದಿನೈದು ನಿಮಿಷ ಓಡಿದರೂ ಶಾಖದ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ ವಾಲ್ವ್ ತೆರೆದೇ ನಿಂತಿರಬಹುದು. ‘ಎಂಜಿನ್ ಕಾಯುವುದಿಲ್ಲ’ ಎಂದು ಅದನ್ನು ಕಿತ್ತೇ ಹಾಕುವ ರೂಢಿಯೂ ನಮ್ಮಲ್ಲಿದೆ. ಇದು ಸರಿಯಲ್ಲ. ತಣ್ಣಗೇ ಓಡುವ ಎಂಜಿನ್ ಬೇಗ ಸವೆಯುತ್ತದೆ, ಎಣ್ಣೆಯನ್ನೂ ಹೆಚ್ಚು ಕುಡಿಯುತ್ತದೆ. ಹೊಸ ವಾಲ್ವ್ ಹಾಕಿಸಿ.

3. ಎಂಜಿನ್ ಕಾದ ಮೇಲೆ ನಿಲ್ಲಿಸಿ, ಹೀಟರಿನ ಎರಡೂ ಹೋಸುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದರೆ ದೋಷ ಗಾಳಿಯ ಕಡೆ: ಬ್ಲೋವರ್, ಕೇಬಲ್, ಗಾಳಿಯ ಬಾಗಿಲು, ಅಥವಾ ಕಸ ತುಂಬಿದ ಕಿಂಡಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕಾಯಿಲ್ ಕಟ್ಟಿದೆ, ಇಲ್ಲವೇ ಹೀಟರಿನ ನೀರಿನ ವಾಲ್ವ್ ತೆರೆಯುತ್ತಿಲ್ಲ.

4. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಸಿ ಬಂದರೆ ನೀರು ಕಡಿಮೆಯಿದೆ ಅಥವಾ ಒಳಗೆ ಗಾಳಿ ಸೇರಿದೆ. ತಣ್ಣಗಿರುವ ಗಾಡಿಯನ್ನು ಮೂತಿ ಮೇಲಾಗಿ ದಿಬ್ಬದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಚ್ಚಳ ತೆಗೆದ ಮೇಲೆ ಎಂಜಿನ್ ಚಾಲೂ ಮಾಡಿ. ಹೀಟರ್ ಪೂರ್ತಿ ಬಿಸಿಗಿಟ್ಟು, ಗುಳ್ಳೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಕೂಲೆಂಟ್ ತುಂಬಿ.

5. ಕಾಲ ಬಳಿಯ ಚಾಪೆ ಒದ್ದೆ, ಸಿಹಿ ವಾಸನೆ, ಗಾಜಿಗೆ ಜಿಡ್ಡು: ಕಾಯಿಲ್ ಸೋರುತ್ತಿದೆ. ಸೋರಿಕೆ ಕಾಣದೆಯೇ ನೀರು ಇಳಿದು ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಿ.

ಕೊಳವೆಬಾವಿ ನೀರು ಬೇಡ

ಗಡಸು ನೀರು ಹನಿ ನೀರಾವರಿಯ ರಂಧ್ರಗಳನ್ನು ಸುಣ್ಣದಿಂದ ಕಟ್ಟುವುದನ್ನು ನಾವೆಲ್ಲ ತೋಟದಲ್ಲಿ ಕಂಡಿದ್ದೇವೆ. ಕಾಯಿಲಿನ ನಾಳಗಳೂ ಅಷ್ಟೇ ಸಣ್ಣವು. ಕಟ್ಟಿದ ಕಾಯಿಲಿಗೆ ತೋಟದ ಮೆದು ಪೈಪಿನಿಂದ ಎರಡೂ ದಿಕ್ಕಿನಲ್ಲಿ ನಿಧಾನವಾಗಿ ನೀರು ಹಾಯಿಸಿ. ಬೋರ್ಡೋ ಸಿಂಪಡಿಸುವ ಪಂಪಿನ ಒತ್ತಡ ಕೊಟ್ಟರೆ ಕಾಯಿಲ್ ಒಡೆಯುತ್ತದೆ. ಮತ್ತೆ ತುಂಬುವಾಗ ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ. ನೀರು ಬೆರೆಸಬೇಕಾದ ಬಗೆಯಾದರೆ ಡಿಸ್ಟಿಲ್ಡ್ ವಾಟರ್ ಬಳಸಿ.

ಹಳೆಯ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಸಿಹಿಯೆಂದು ನಾಯಿ, ದನಕರು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಡಬ್ಬದಲ್ಲಿ ಮುಚ್ಚಿಟ್ಟು ಗ್ಯಾರೇಜಿಗೆ ಒಪ್ಪಿಸಿ.

ಚಳಿ ಕಾಲಿಡುವ ಮುನ್ನ ಅರ್ಧ ದಿನ ಇದಕ್ಕೆ ಮೀಸಲಿಟ್ಟರೆ ಗಾಜೂ ತಿಳಿಯಾಗಿರುತ್ತದೆ, ಎಂಜಿನ್ನೂ ಉಳಿಯುತ್ತದೆ.