ನಗು ಬಂದ ದಿನವೇ ಬರೆದಿಡಿ

ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ನೀವು ನೋಡಿಯೇ ಇರುತ್ತೀರಿ. ಆ ಟವೆಲ್ಲಿಗೆ ಸಿಗುವ ಮರ್ಯಾದೆಯನ್ನು ಗಮನಿಸಿದ್ದೀರಾ? ಕೂತ ಮನುಷ್ಯನಿಗಾದರೆ ‘ಸ್ವಲ್ಪ ಸರ್ಕೊಳ್ಳಿ’ ಅನ್ನುತ್ತೇವೆ. ಟವೆಲ್ಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕಂಡಕ್ಟರು ಇಬ್ಬರ ಚಿಲ್ಲರೆಗೆ ಒಂದೇ ನೋಟು ಕೊಟ್ಟು ‘ಹಂಚ್ಕೊಳ್ಳಿ’ ಎಂದು ಗುರುತೇ ಇಲ್ಲದವರನ್ನು ಜೋಡಿ ಮಾಡಿ ಇಳಿಸುವುದೂ ಇಂಥದೇ ತಮಾಷೆ. ಫೋನಿನಲ್ಲಿ ದುಡ್ಡು ಕೊಡುವ ಕಾಲ ಬಂತು, ಆ ಜೋಡಿಗಳು ಕಡಿಮೆಯಾಗುತ್ತಿವೆ. ಅದಕ್ಕೇ ನನ್ನ ಅವಸರ: ಇಂಥ ನಗು ಕಂಡ ದಿನವೇ ಬರೆದಿಡಿ.

ಅದಕ್ಕೆ ಸಾಹಿತಿಯೇ ಆಗಬೇಕಿಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿದ ರಾಶಿಯವರು, ಅಂದರೆ ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು.

ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ಧಾರವಾಡದ ಅಜ್ಜಿಯ ಮಾತನ್ನು ಪುಸ್ತಕದ ಭಾಷೆಗೆ ತಿದ್ದಿದರೆ ಅರ್ಧ ನಗು ಅಲ್ಲೇ ಸತ್ತಿತು. ಯಾರ ಬಣ್ಣ, ಬಡತನ, ಜಾತಿಯನ್ನೂ ನಗೆಗೆ ಎಳೆಯಬೇಡಿ. ನಮ್ಮೆಲ್ಲರ ಅಭ್ಯಾಸಗಳಲ್ಲೇ ಬೇಕಾದಷ್ಟಿದೆ. ನೆಂಟರನ್ನೇ ನೋಡಿ. ‘ಬರ್ತೀವಿ’ ಎಂದು ಎದ್ದವರು ಕುಂಕುಮಕ್ಕೆ ಒಮ್ಮೆ ಕೂರುತ್ತಾರೆ, ಚಪ್ಪಲಿ ಹಾಕಿಕೊಳ್ಳುತ್ತ ಮತ್ತೊಂದು ಸುದ್ದಿ ತೆಗೆಯುತ್ತಾರೆ. ಬಂದ ಮುಖ್ಯ ಕೆಲಸ ಅವರಿಗೆ ನೆನಪಾಗುವುದು ಗೇಟಿನ ಹತ್ತಿರ! ಹಾಗಾಗಿ ಬೀಳ್ಕೊಡಲು ಬಾಗಿಲಲ್ಲೇ ನಿಲ್ಲಬೇಡಿ, ಗೇಟಿನವರೆಗೂ ಹೋಗಿ.