ವಿಶ್ವವಿದ್ಯಾನಿಲಯಗಳಲ್ಲಿ ಡ್ರೂಪಾಲ್

ಜಾಲತಾಣದ ಬರಹ, ಚಿತ್ರ, ಪ್ರಕಟಣೆಗಳನ್ನು ಅಣಿಮಾಡಿಡುವ ತಂತ್ರಾಂಶಕ್ಕೆ ಡ್ರೂಪಾಲ್ ಎಂದು ಹೆಸರು. ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ವಿದ್ಯಾರ್ಥಿಯಾಗಿದ್ದ ಡ್ರೀಸ್ ಬೊಯ್ಟಾರ್ಟ್ ಎಂಬವರು ಇದನ್ನು 2001ರಲ್ಲಿ ಸರ್ವರಿಗೂ ಬಿಟ್ಟುಕೊಟ್ಟರು. ಇದಕ್ಕೆ ಬೆಲೆಯಿಲ್ಲ. ಮೂಲವನ್ನು ಯಾರಾದರೂ ತಿದ್ದಬಹುದು. ತಿದ್ದಿ ಹಂಚುವವರು ಪಡೆದವರಿಗೂ ಅದೇ ಹಕ್ಕನ್ನು ಕೊಡತಕ್ಕದ್ದು.

ಅಮೆರಿಕದ ಸ್ಟಾನ್‌ಫರ್ಡ್ ಮೊದಲಾದ ವಿಶ್ವವಿದ್ಯಾನಿಲಯಗಳು ಇದನ್ನು ಅಂಗೀಕರಿಸಿರುವುವು. ಆಯಾ ವಿಭಾಗದವರು ತಮ್ಮ ಪುಟಗಳನ್ನು ತಾವೇ ತಿದ್ದಿಕೊಳ್ಳಬಹುದು. ಬರೆಯುವವರಾರು, ಪ್ರಕಟಿಸುವವರಾರು ಎಂಬ ಅಧಿಕಾರವನ್ನು ಬೇರೆಬೇರೆಯಾಗಿ ಗೊತ್ತುಮಾಡಬಹುದು.

ಆದರೆ ಪುಕ್ಕಟೆ ಬೀಜವೆಂದು ಬಿತ್ತಿ, ಕಳೆ ಕೀಳದೆ ಬಿಟ್ಟ ರೈತನ ಪಾಡು ಪಟೇಲರಿಗೂ ಜಮೀನುದಾರರಿಗೂ ತಿಳಿಯದ್ದೇನಲ್ಲ. 2014ರ ಅಕ್ಟೋಬರ್ 15ರಂದು ಇದರಲ್ಲಿ ದೊಡ್ಡ ದೋಷವೊಂದು ಪ್ರಕಟವಾಯಿತು. ಏಳು ಗಂಟೆಗಳೊಳಗೆ ತಿದ್ದುಪಡಿ ಹಾಕದ ತಾಣಗಳೆಲ್ಲ ಕಳ್ಳರ ವಶವಾಗಿವೆಯೆಂದೇ ಭಾವಿಸಬೇಕೆಂದು ಡ್ರೂಪಾಲಿನ ರಕ್ಷಣಾಮಂಡಲಿಯೇ ಆ ತಿಂಗಳಲ್ಲಿ ಸಾರಿತು. ರಾತ್ರಿಯಾದರೂ ಎದ್ದು ಈ ಕೆಲಸ ಮಾಡಬಲ್ಲ ನುರಿತ ನೌಕರರಿಲ್ಲದ ಸಂಸ್ಥೆಯು ಇದನ್ನು ಕೈಗೊಳ್ಳುವುದು ಉಚಿತವಲ್ಲ. ಅವರ ಸಂಬಳವನ್ನು ಮೊದಲ ವರ್ಷದ ಆಯವ್ಯಯದಲ್ಲಿಯೇ ಸೇರಿಸತಕ್ಕದ್ದು.

7ನೆಯ ಆವೃತ್ತಿಗೆ 2025ರ ಜನವರಿ 5ರಂದು ಆಸರೆ ನಿಂತಿತು. ಅದರಿಂದ ಮುಂದಿನ ಆವೃತ್ತಿಗಳಿಗೆ ಸಾಗುವವರು ತಾಣದ ರೂಪವನ್ನೂ, ಸ್ವಂತವಾಗಿ ಮಾಡಿಸಿದ ಜೋಡಣೆಗಳನ್ನೂ ಪುನಃ ಬರೆಯಿಸಬೇಕಾಗುವುದು.